ಬಾಸ್ ಗಾಳ: ಬರಿಗೈಯಲ್ಲಿ ಮರಳುವವರಿಗೆ ದೋಷ ಪತ್ತೆಯ ಕೈಪಿಡಿ

ಬಾಸ್ ಎಂಬ ಸಿಹಿನೀರಿನ ಬೇಟೆಗಾರ ಮೀನು ಸಿಗದ ದಿನ ಹೊಸಬರ ಕೈ ಮೊದಲು ಹೋಗುವುದು ಲ್ಯೂರ್, ಅಂದರೆ ಕೃತಕ ಎರೆಗಳ ಡಬ್ಬಿಗೆ. ಹಸಿರು ತೆಗೆದು ಕೆಂಪು, ಕೆಂಪು ತೆಗೆದು ಬಿಳಿ, ಜತೆಗೆ ನಿಂತ ಜಾಗವನ್ನೂ ಬದಲಿಸಿ, ಎಳೆಯುವ ವೇಗವನ್ನೂ ಬದಲಿಸಿ, ಸಂಜೆಯಾದಾಗ ಯಾವುದು ತಪ್ಪಾಗಿತ್ತು ಎಂಬುದೇ ತಿಳಿಯದು. ಅಪ್ಪಿತಪ್ಪಿ ಒಂದು ಮೀನು ಬಿದ್ದರೂ ಅದು ಏಕೆ ಬಿತ್ತೆಂದು ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಎರಡನೆಯದು ಬೀಳುವುದೂ ಅಪ್ಪಿತಪ್ಪಿಯೇ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅದೂ ಈ ಕ್ರಮದಲ್ಲಿ: ಜಾಗ, ಆಳ, ವೇಗ, ಲ್ಯೂರಿನ ಗಾತ್ರ, ಬಣ್ಣ. ಬಣ್ಣ ಕೊನೆಯಲ್ಲಿರುವುದಕ್ಕೆ ಕಾರಣವಿದೆ. ಮೀನಿಲ್ಲದ ನೀರಿನಲ್ಲಿ ಯಾವ ಬಣ್ಣವೂ ಕೆಲಸ ಮಾಡದು. ಇಲ್ಲಿ ಹೇಳಿರುವುದೆಲ್ಲ ಕೆರೆ, ಹಿನ್ನೀರುಗಳ ಲಾರ್ಜ್‌ಮೌತ್ ಬಾಸ್‌ಗೆ ಅನ್ವಯಿಸುತ್ತದೆ. ಹರಿಯುವ ನೀರಿನ ಇನ್ನೊಂದು ಬಗೆಯ ಬಾಸ್, ಸ್ಮಾಲ್‌ಮೌತ್‌ನ ಸ್ವಭಾವ ಬೇರೆ.

ಮೊದಲು ದೋಷ ಯಾವ ಹಂತದಲ್ಲಿದೆ ಎಂದು ಗುರುತಿಸಿ. ಕಚ್ಚೇ ಇಲ್ಲವೇ? ಕಚ್ಚಿಯೂ ಕೊಕ್ಕೆಗೆ ಸಿಕ್ಕುತ್ತಿಲ್ಲವೇ? ಸಿಕ್ಕಿ ಅರ್ಧ ದಾರಿಯಲ್ಲಿ ತಪ್ಪಿಸಿಕೊಳ್ಳುತ್ತಿದೆಯೇ? ದಾರ ಕಡಿಯುತ್ತಿದೆಯೇ? ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಕಚ್ಚೇ ಇಲ್ಲ

ಇದೇ ದೊಡ್ಡ ದೋಷ. ಹೆಚ್ಚಿನ ಸಲ ಕಾರಣ ಒಂದೇ: ಲ್ಯೂರ್ ಇರುವ ಕಡೆ ಮೀನಿಲ್ಲ, ಮೀನಿರುವ ಕಡೆ ಲ್ಯೂರ್ ಇಲ್ಲ.

ನೀರಿನ ಉಷ್ಣತೆ ಅಳೆಯುವುದರಿಂದ ಶುರು ಮಾಡಿ. ದಾರಕ್ಕೆ ಕಟ್ಟಿ ಇಳಿಸಬಹುದಾದ ಸಾಧಾರಣ ಥರ್ಮಾಮೀಟರ್ ಸಾಕು. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಬಾಸ್‌ನ ಜೀರ್ಣಕ್ರಿಯೆ ನಿಧಾನವಾಗಿರುತ್ತದೆ. ಅದು ಆಳವಾದ ಅಂಚುಗಳ ಬಳಿ ಗುಂಪಾಗಿ ನಿಂತು, ಹತ್ತಿರ ಬಂದದ್ದನ್ನು ಮಾತ್ರ ತಿನ್ನುತ್ತದೆ. 10ರಿಂದ 15 ಡಿಗ್ರಿಯ ನಡುವೆ ಆಳದಿಂದ ದಡದ ಕಡೆ ಸರಿಯತೊಡಗುತ್ತದೆ. ಆಗ ಅದನ್ನು ಹುಡುಕಬೇಕಾದ್ದು ಕೊಲ್ಲಿಯ ಬಾಯಿಯಲ್ಲಿ ಮತ್ತು ಕೊಲ್ಲಿಯೊಳಗೆ ನೀರಿಗೆ ಚಾಚಿದ ಸಣ್ಣ ಮೂಲೆಗಳಲ್ಲಿ. 15ರಿಂದ 21ರವರೆಗೆ ಮೊಟ್ಟೆಯಿಡುವ ಕಾಲ. ಗಾಳಿಯಿಲ್ಲದ, ಗಟ್ಟಿ ತಳದ, ಬಿಸಿಲು ಬೀಳುವ ಆಳವಿಲ್ಲದ ನೀರಿನಲ್ಲಿ ಗಂಡು ಮೀನು ಗೂಡು ಕಾಯುತ್ತಿರುತ್ತದೆ. ಈ ಅವಧಿಯಲ್ಲಿ ಕೆಲವು ಕಡೆ ಗಾಳಕ್ಕೇ ನಿಷೇಧವಿರುತ್ತದೆ, ಪರವಾನಗಿಯ ಜತೆ ಕೊಡುವ ನಿಯಮಗಳನ್ನು ಓದಿಕೊಳ್ಳಿ. ಬೇಸಿಗೆಯಲ್ಲಿ ನೀರು 27 ದಾಟಿತೆಂದರೆ ಮೀನು ಎರಡು ಪಾಲಾಗುತ್ತದೆ: ಒಂದಷ್ಟು ದಟ್ಟ ಜೊಂಡಿನ ನೆರಳಿನಲ್ಲಿ, ಉಳಿದವು ಆಳದ ಅಂಚಿನಲ್ಲಿ. ನಡುವಿನ ಬೋಳು ನೀರಿನಲ್ಲಿ ಮಧ್ಯಾಹ್ನ ಗಾಳ ಬೀಸುವುದು ತೋಳಿಗೆ ವ್ಯಾಯಾಮ, ಅಷ್ಟೆ.

ಬೇಸಿಗೆಯಲ್ಲಿ ಇನ್ನೊಂದು ಬಲೆ ಇದೆ. ಆಳವಾದ ಕೆರೆಗಳಲ್ಲಿ ಮೇಲಿನ ಬೆಚ್ಚನೆಯ ನೀರು, ಕೆಳಗಿನ ತಣ್ಣನೆಯ ನೀರು ಬೇರೆಬೇರೆ ಪದರಗಳಾಗಿ ನಿಲ್ಲುತ್ತವೆ. ಎರಡರ ನಡುವಿನ ಪದರವೇ ಥರ್ಮೊಕ್ಲೈನ್. ಅದರ ಕೆಳಗೆ ಆಮ್ಲಜನಕ ಕಡಿಮೆಯಾಗುತ್ತ ಹೋಗುವುದರಿಂದ ಬಾಸ್ ಅಲ್ಲಿ ಉಳಿಯುವುದಿಲ್ಲ. ಥರ್ಮಾಮೀಟರನ್ನು ಒಂದೊಂದೇ ಮೀಟರ್ ಇಳಿಸಿ, ಪ್ರತಿ ಆಳದಲ್ಲೂ ಒಂದೆರಡು ನಿಮಿಷ ಬಿಟ್ಟು ನೋಡಿ. ಒಂದು ಮೀಟರಿಗೆ 1 ಡಿಗ್ರಿಗಿಂತ ಹೆಚ್ಚು ಇಳಿಯತೊಡಗಿದ ಆಳವೇ ಆ ಪದರ. ಅದು 6 ಮೀಟರಿನಲ್ಲಿದ್ದರೆ 9 ಮೀಟರಿನಲ್ಲಿ ಜಿಗ್, ಅಂದರೆ ಭಾರದ ತಲೆಯ ಕೊಕ್ಕೆಯ ಲ್ಯೂರ್, ಕುಣಿಸುವುದು ವ್ಯರ್ಥ. ಸೋನಾರ್, ಅಂದರೆ ಶಬ್ದದ ಅಲೆಯಿಂದ ನೀರಿನಾಳ ತೋರಿಸುವ ಯಂತ್ರ, ಇರುವವರಿಗೆ ಪರದೆಯ ಮೇಲೆ ಅದು ಅಡ್ಡಲಾಗಿ ಹರಡಿದ ಮಸುಕು ಪಟ್ಟಿಯಂತೆ ಕಾಣುತ್ತದೆ. ಅದನ್ನೇ ತಳವೆಂದು ಭಾವಿಸುವುದೂ ಉಂಟು.

ಸೋನಾರ್ ಇಲ್ಲದವರು ಆಳ ಅಳೆಯುವುದಕ್ಕೆ 14 ಗ್ರಾಂ ತೂಕದ ಒಂದು ಗುಂಡು ಸಾಕು. ಆಳ ಗೊತ್ತಿರುವ ಕಡೆ, ದಾರ ಸಡಿಲ ಬಿಟ್ಟು, ಗುಂಡು ತಳ ಮುಟ್ಟಲು ಎಷ್ಟು ಸೆಕೆಂಡ್ ಹಿಡಿಯಿತು ಎಣಿಸಿ. ಆಮೇಲೆ ಎಲ್ಲೆಡೆ ಅದೇ ಗುಂಡು, ಅದೇ ದಾರ, ಅದೇ ಎಣಿಕೆ. ಎಣಿಕೆ ಮೂರರಿಂದ ಒಮ್ಮೆಲೇ ಆರಕ್ಕೆ ಹಾರಿದ ಜಾಗದಲ್ಲಿ ತಳ ಇಳಿಜಾರಾಗಿ ಬಿದ್ದಿದೆ ಎಂದರ್ಥ. ಅದನ್ನು ಗುರುತಿಟ್ಟುಕೊಳ್ಳಿ. ಬಳಿಕ ಗುಂಡನ್ನು ತಳದ ಮೇಲೆ ನಿಧಾನ ಎಳೆಯಿರಿ. ಟಕ್ ಟಕ್ ಎಂದು ಕೋಲಿಗೆ ಬಡಿದರೆ ಕಲ್ಲು ಅಥವಾ ಗರಸು, ಮೆತ್ತಗೆ ಭಾರವಾಗಿ ಬಂದರೆ ಕೆಸರು, ಜಗ್ಗಿ ಜಗ್ಗಿ ಬಿಟ್ಟರೆ ಪಾಚಿ. ಕೆಸರು ಮುಗಿದು ಗರಸು ಶುರುವಾಗುವ ಗೆರೆ, ಜೊಂಡು ಮುಗಿದು ಬೋಳು ನೀರು ಶುರುವಾಗುವ ಗೆರೆ, ನೆರಳಿನ ಅಂಚು: ಬಾಸ್ ಹೊಂಚು ಹಾಕುವುದು ಇಂಥ ಅಂಚುಗಳಲ್ಲಿ. ಈ ಕೆಲಸಕ್ಕೆ ಹಿಗ್ಗದ ಬ್ರೇಡ್, ಅಂದರೆ ಎಳೆಗಳನ್ನು ಹೆಣೆದು ಮಾಡಿದ ದಾರ, ಒಳ್ಳೆಯದು. ತಂಗೂಸಿ ಹಿಗ್ಗುವುದರಿಂದ ತಳದ ಸುದ್ದಿ ಅರ್ಧ ದಾರಿಯಲ್ಲೇ ಕರಗಿಹೋಗುತ್ತದೆ.

ಹೊರಡುವ ಮುನ್ನವೇ ಒಂದಕ್ಕೊಂದು ಬೇರೆಯಾದ ಮೂರು ಜಾಗ ಆರಿಸಿಕೊಳ್ಳಿ. ನೀರಿನೊಳಕ್ಕೆ ಚಾಚಿದ ಒಂದು ಮೂಲೆ, ಜೊಂಡಿನ ಒಂದು ಅಂಚು, ಬಿದ್ದ ಮರ ಅಥವಾ ಕಟ್ಟೆಯ ನೆರಳು. ಒಂದೊಂದಕ್ಕೂ ಅರ್ಧ ಗಂಟೆ ಮೀಸಲು. ಪ್ರತಿ ಜಾಗದಲ್ಲಿ:

1. ಮೊದಲು ಓಡುವ ಲ್ಯೂರ್, ಅಂದರೆ ತಿರುಗುವ ಲೋಹದ ಅಲಗಿನ ಸ್ಪಿನ್ನರ್‌ಬೈಟ್ ಅಥವಾ ಎಳೆದಾಗ ನೀರಿಗಿಳಿಯುವ ಮೀನಿನಾಕಾರದ ಕ್ರ್ಯಾಂಕ್‌ಬೈಟ್. ನಿಂತಲ್ಲಿಂದ ಬೀಸಣಿಗೆಯ ಗರಿಗಳಂತೆ ಎಡದಿಂದ ಬಲಕ್ಕೆ ಎಂಟು ಹತ್ತು ಎಸೆತ.
2. ಅದೇ ನೀರಿಗೆ ತಳದ ಲ್ಯೂರ್, ಅಂದರೆ ಟೆಕ್ಸಸ್ ರಿಗ್ ಹುಳು (ಮುಂದೆ ಗುಂಡು ಇಟ್ಟು, ಕೊಕ್ಕೆಯ ಮೊನೆ ಹುದುಗಿಸಿದ ಪ್ಲಾಸ್ಟಿಕ್ ಹುಳು) ಅಥವಾ 10 ಗ್ರಾಂ ಜಿಗ್. ಎಸೆತ ಕಡಿಮೆ, ಪ್ರತಿ ಎಸೆತಕ್ಕೂ ಎರಡು ಪಟ್ಟು ಸಮಯ.
3. ಕಚ್ಚು ಸಿಕ್ಕಿದರೆ ಅಲ್ಲೇ ಬರೆದಿಡಿ: ಎಷ್ಟು ಆಳ, ಪಕ್ಕದಲ್ಲಿ ಏನಿತ್ತು, ಲ್ಯೂರ್ ಬೀಳುವಾಗಲೋ ಎಳೆಯುವಾಗಲೋ.

ಒಂದು ಮೀನು ಕಾಕತಾಳೀಯ ಇರಬಹುದು. ಒಂದೇ ಬಗೆಯ ಜಾಗದಲ್ಲಿ, ಒಂದೇ ಆಳದಲ್ಲಿ ಎರಡು ಸಿಕ್ಕರೆ ಅದು ಸುಳಿವು. ಆಮೇಲೆ ಉಳಿದ ದಿನವೆಲ್ಲ ಕೆರೆಯಲ್ಲಿ ಅಂಥದೇ ಜಾಗಗಳನ್ನು ಹುಡುಕುತ್ತ ಹೋಗಿ. ಮೂರು ಜಾಗದಲ್ಲೂ ಏನೂ ಇಲ್ಲವೆಂದರೆ ಆಳ ಬದಲಿಸಿ, ಲ್ಯೂರನ್ನಲ್ಲ.

ದಡದ ಮೇಲೆ ನಿಂತು ಗಾಳ ಹಾಕುವವರದು ಬೇರೆ ತಪ್ಪು. ಎಲ್ಲರೂ ನೇರ ಎದುರಿಗೆ, ಆದಷ್ಟು ದೂರಕ್ಕೆ ಬೀಸುತ್ತಾರೆ. ದಡದಿಂದ ಎರಡು ಮಾರು ದೂರದಲ್ಲಿದ್ದ ಮೀನಿನ ತಲೆಯ ಮೇಲೆ ಲ್ಯೂರ್ ಹಾರಿಹೋಗುತ್ತದೆ. ಮರಳಿ ಬರುವಾಗ ಮೀನಿರುವ ಪಟ್ಟಿಯಲ್ಲಿ ಅದು ಇರುವುದು ಕ್ಷಣಮಾತ್ರ. ದಡಕ್ಕೆ ಸಮಾನಾಂತರವಾಗಿ ಎಸೆಯಿರಿ, ಎಳೆದಷ್ಟು ದೂರವೂ ಲ್ಯೂರ್ ಅದೇ ಆಳದಲ್ಲಿ ಸಾಗುತ್ತದೆ. ಮೊದಲ ಎಸೆತ ನೀರಿನಂಚಿನಿಂದ ಎರಡು ಮೂರು ಮೀಟರ್ ಹಿಂದೆ ನಿಂತೇ ಆಗಲಿ. ಹೆಜ್ಜೆಯ ಅದುರು, ಮೈಯ ನೆರಳು ಎರಡೂ ಮೀನನ್ನು ಓಡಿಸುತ್ತವೆ.

ಜಾಗ, ಆಳ ಸರಿ ಎನಿಸಿದ ಮೇಲೆ ವೇಗ. ಟೆಕ್ಸಸ್ ರಿಗ್ ಅನ್ನು ಹೊಸಬರು ಬಹುತೇಕ ರೀಲಿನಿಂದ ಎಳೆಯುತ್ತಾರೆ. ಹುಳು ತಳ ಬಿಟ್ಟು ಈಜುತ್ತದೆ. ಸರಿಯಾದ ಬಗೆ: ಗಡಿಯಾರದ ಮುಳ್ಳೆಂದುಕೊಂಡು ಕೋಲನ್ನು 9ರಿಂದ 11ಕ್ಕೆ ಎತ್ತಿ, ಕೋಲಿನಿಂದಲೇ ಹುಳುವನ್ನು ಸರಿಸಿ, ಕೋಲು ಇಳಿಸುತ್ತ ಸಡಿಲವಾದ ದಾರವನ್ನಷ್ಟೇ ರೀಲಿಗೆ ಸುತ್ತಿಕೊಳ್ಳಿ. ಮತ್ತೆ ತಳ ಮುಟ್ಟಿತೆಂದು ಖಚಿತವಾಗುವವರೆಗೆ ಕಾಯಿರಿ. ಹೆಚ್ಚಿನ ಕಚ್ಚು ಬರುವುದು ಹುಳು ಬೀಳುವಾಗ. ಆದ್ದರಿಂದ ಆಗ ಕಣ್ಣು ದಾರದ ಮೇಲಿರಲಿ. ಐದು ಎಣಿಸುವಷ್ಟರಲ್ಲಿ ತಳ ಸಿಗಬೇಕಿದ್ದ ಕಡೆ ಮೂರಕ್ಕೇ ದಾರ ನಿಂತರೆ, ಅಥವಾ ಅಡ್ಡಕ್ಕೆ ಸರಿದರೆ, ಅದೇ ಕಚ್ಚು. ಕಚ್ಚೇ ಇಲ್ಲ ಎಂದು ಗೊಣಗುವ ಅನೇಕರಿಗೆ ಕಚ್ಚು ಬಂದಿರುತ್ತದೆ, ಗೊತ್ತಾಗಿರುವುದಿಲ್ಲ.

ಕ್ರ್ಯಾಂಕ್‌ಬೈಟ್‌ನಲ್ಲಿ ದೋಷ ಬೇರೆ. ಅದು ಏನಿಗಾದರೂ ತಾಕುತ್ತಿರಬೇಕು. ಕಲ್ಲಿಗೋ ಕೊರಡಿಗೋ ಬಡಿದು ಪಕ್ಕಕ್ಕೆ ಸಿಡಿದಾಗಲೇ ಹಿಂಬಾಲಿಸುತ್ತಿದ್ದ ಮೀನು ಎರಗುತ್ತದೆ. ನೀರು ಎರಡೂವರೆ ಮೀಟರ್ ಇದ್ದರೆ ಮೂರು ಮೀಟರ್ ಇಳಿಯುವ ಕ್ರ್ಯಾಂಕ್ ಹಾಕಿ. ಡಬ್ಬಿಯ ಮೇಲೆ 3 ಮೀಟರ್ ಎಂದಿದ್ದರೂ ಇಳಿಯುತ್ತಿಲ್ಲವೇ? ದಾರ ದಪ್ಪವಾಗಿರಬಹುದು, 20 ಪೌಂಡ್ ಭಾರ ತಾಳುವ ದಾರದಲ್ಲಿ ಅದೇ ಕ್ರ್ಯಾಂಕ್ 10 ಪೌಂಡಿನಲ್ಲಿ ಇಳಿದಷ್ಟು ಇಳಿಯದು. ಎಸೆತ ಗಿಡ್ಡವಾಗಿರಬಹುದು, ಲ್ಯೂರ್ ಪೂರ್ತಿ ಆಳ ಮುಟ್ಟಿ ಸಾಗುವುದು ಎಳೆತದ ನಡುಭಾಗದಲ್ಲಿ ಮಾತ್ರ, ಆದ್ದರಿಂದ ಗುರಿಯನ್ನು ದಾಟಿಸಿ ಎಸೆಯಬೇಕು. ಕೋಲಿನ ತುದಿ ಮೇಲಿರಬಹುದು, ಅದನ್ನು ನೀರಿನ ಕಡೆ ಇಳಿಸಿ. ಲ್ಯೂರ್ ನೇರ ಬಾರದೆ ಒಂದು ಪಕ್ಕಕ್ಕೆ ವಾಲಿದರೆ ದಾರ ಕಟ್ಟುವ ಕಣ್ಣು ಓರೆಯಾಗಿದೆ. ಲ್ಯೂರಿನ ಮೂತಿ ನಿಮ್ಮ ಕಡೆಗಿರುವಂತೆ ಹಿಡಿದು, ಅದು ನಿಮ್ಮ ಎಡಕ್ಕೆ ಓಡುತ್ತಿದ್ದರೆ ಕಣ್ಣನ್ನು ಇಕ್ಕಳದಿಂದ ನಿಮ್ಮ ಬಲಕ್ಕೆ ಕೂದಲೆಳೆಯಷ್ಟು ಬಗ್ಗಿಸಿ. ನೀರಿನಲ್ಲಿ ಪರೀಕ್ಷಿಸಿ, ಬೇಕಿದ್ದರೆ ಮತ್ತೊಮ್ಮೆ. ಒಂದೇ ಸಲ ಜೋರಾಗಿ ಬಗ್ಗಿಸಿದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಹವಾಮಾನ ಮಗ್ಗುಲು ಬದಲಿಸಿದ ಮರುದಿನ, ಅಂದರೆ ಮೋಡ ಮಳೆ ಸರಿದು, ತಣ್ಣನೆ ಗಾಳಿ ಬಂದು, ಆಕಾಶ ಶುಭ್ರ ನೀಲಿಯಾದಾಗ, ನಿನ್ನೆ ಬೆನ್ನಟ್ಟಿ ಬಂದ ಮೀನು ಇಂದು ಕದಲುವುದಿಲ್ಲ. ಬಹಳ ದೂರವೇನೂ ಹೋಗಿರುವುದಿಲ್ಲ, ನಿನ್ನೆಯ ಜಾಗದ ಅತಿ ದಟ್ಟ ಮೂಲೆಗೆ ಸೇರಿಕೊಂಡಿರುತ್ತದೆ. ಲ್ಯೂರ್ ಚಿಕ್ಕದಾಗಲಿ, ನಿಧಾನವಾಗಲಿ, ಮರದ ಬುಡಕ್ಕೇ ಬೀಳಲಿ. ನಿನ್ನೆ ಒಂದು ಅಡಿ ದೂರ ಬಿದ್ದರೂ ನಡೆಯುತ್ತಿತ್ತು, ಇಂದು ನಡೆಯದು.

ಬಣ್ಣದ ಮಾತು ಬೇಗ ಮುಗಿಯುತ್ತದೆ. ತಿಳಿನೀರಿಗೆ ಹಸಿರುಗಂದು, ಪಾರದರ್ಶಕ ಛಾಯೆಗಳು. ಬಗ್ಗಡಕ್ಕೆ ಕಪ್ಪು-ನೀಲಿ ಅಥವಾ ಹಳದಿಹಸಿರು, ಜತೆಗೆ ನೀರನ್ನು ನಡುಗಿಸುವ ಅಗಲ ಅಲಗಿನ ಸ್ಪಿನ್ನರ್. ಕದಡಿದ ನೀರಿನಲ್ಲಿ ಬಾಸ್ ಕಣ್ಣಿಗಿಂತ ಮೈಯ ಪಕ್ಕದ ಸಂವೇದನಾ ಗೆರೆಯನ್ನು ಹೆಚ್ಚು ನಂಬುತ್ತದೆ. ಇವೆರಡು ಗುಂಪು ಸಾಕು. ಉಳಿದ ನಲವತ್ತು ಬಣ್ಣಗಳು ಹಿಡಿಯುವುದು ಮುಖ್ಯವಾಗಿ ಗಾಳಗಾರರನ್ನು.

ಕಚ್ಚುತ್ತದೆ, ಕೊಕ್ಕೆಗೆ ಸಿಕ್ಕುವುದಿಲ್ಲ

ಮೊದಲು ಕಚ್ಚಿದ್ದು ಬಾಸೇ ಎಂದು ನೋಡಿ. ಬಿಡುವಿಲ್ಲದೆ ಟಕಟಕ ಕುಟುಕುವುದು ಸಾಮಾನ್ಯವಾಗಿ ಸನ್‌ಫಿಶ್ ಎಂಬ ಸಣ್ಣ ಮೀನು. ಹುಳುವಿನ ಬಾಲ ಮಾತ್ರ ಹರಿದು ಬಂದರೆ ಅನುಮಾನ ಖಚಿತ. ಬಾಸ್ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುವುದರಿಂದ ಕೋಲಿಗೆ ಒಂದೇ ಒಂದು 'ತಪ್' ಎನ್ನುವ ಬಡಿತ, ಇಲ್ಲವೇ ಒದ್ದೆ ಬಟ್ಟೆ ಸಿಕ್ಕಿಕೊಂಡಂಥ ಭಾರ.

ಬಾಸೇ ಆಗಿದ್ದರೆ ಮುಂದಿನ ಪರೀಕ್ಷೆ ಕೊಕ್ಕೆಯ ಮೊನೆ. ಹೆಬ್ಬೆರಳ ಉಗುರಿನ ಮೇಲೆ ಮೊನೆಯನ್ನು ಓರೆಯಾಗಿಟ್ಟು ಭಾರ ಹಾಕದೆ ಎಳೆಯಿರಿ. ಕಚ್ಚಿಕೊಂಡರೆ ಚೂಪಾಗಿದೆ, ಜಾರಿದರೆ ಅರದಿಂದ ಸಾಣೆ ಹಿಡಿಯಿರಿ ಅಥವಾ ಬದಲಿಸಿ. ಕಲ್ಲಿನ ನಡುವೆ ಎಳೆದ ಕೊಕ್ಕೆಯನ್ನು ಗಂಟೆಗೊಮ್ಮೆ ಹೀಗೆ ನೋಡಬೇಕು.

ಆಮೇಲೆ ಕೊಕ್ಕೆ ಮತ್ತು ಹುಳುವಿನ ಹೊಂದಾಣಿಕೆ. 15 ಸೆಂಟಿಮೀಟರ್ ಹುಳುವಿಗೆ 3/0, 18ರದ್ದಕ್ಕೆ 4/0 ಗಾತ್ರದ ಆಫ್‌ಸೆಟ್, ಅಂದರೆ ಕಣ್ಣಿನ ಬಳಿ ಮಡಿಕೆಯಿರುವ ಕೊಕ್ಕೆ. ಹುಳು ದಪ್ಪವಾಗಿದ್ದರೆ ಬಾಗಿನ ಅಗಲ ಹೆಚ್ಚಿರುವ ಕೊಕ್ಕೆ ಬೇಕು. ಎಳೆದಾಗ ಪ್ಲಾಸ್ಟಿಕ್ ಕೆಳಗೆ ಸರಿದು ಮೊನೆ ಹೊರಬರಲು ಜಾಗವಿರಬೇಕು. ಜಾಗವಿಲ್ಲದಿದ್ದರೆ ಮೀನು ಪ್ಲಾಸ್ಟಿಕ್ ಮುದ್ದೆಯನ್ನಷ್ಟೇ ಜಗಿದು ಉಗುಳುತ್ತದೆ. ಹುಳು ನೆಟ್ಟಗಿರಲಿ, ಸೊಟ್ಟಗೆ ಚುಚ್ಚಿದರೆ ತಿರುಗುತ್ತದೆ, ದಾರವೂ ಹುರಿಗೊಳ್ಳುತ್ತದೆ. ಮೊನೆಯನ್ನು ಹುಳುವಿನ ಬೆನ್ನಿನಿಂದ ಹೊರತಂದು, ಮತ್ತೆ ತೊಗಲಿಗಷ್ಟೇ ತಾಕಿಸಿ ಮುಚ್ಚಿ.

ಕೊಕ್ಕೆ ನಾಟುವ ರೀತಿ ಲ್ಯೂರಿನಿಂದ ಲ್ಯೂರಿಗೆ ಬೇರೆ. ಇದನ್ನು ಗೊತ್ತಿಲ್ಲದೆ ಎಲ್ಲಕ್ಕೂ ಒಂದೇ ಜಗ್ಗು ಕೊಡುವುದರಿಂದಲೇ ಅರ್ಧ ಮೀನು ಹೋಗುತ್ತದೆ.

ಟೆಕ್ಸಸ್ ರಿಗ್ ಮತ್ತು ಜಿಗ್‌ಗೆ: ಕೋಲು ಇಳಿಸಿ, ಸಡಿಲ ದಾರ ಸುತ್ತಿಕೊಂಡು, ಮೀನಿನ ಭಾರ ತಾಕುತ್ತಿದ್ದಂತೆ ಜೋರಾಗಿ ಮೇಲಕ್ಕೆ. ಒಂದೇ ದಪ್ಪ ಕೊಕ್ಕೆ ಪ್ಲಾಸ್ಟಿಕ್ಕನ್ನೂ ದವಡೆಯನ್ನೂ ತೂರಬೇಕು, ಅದಕ್ಕೆ ಗಟ್ಟಿ ಕೋಲೇ ಬೇಕು.

ಮೂರು ಮೊನೆಯ ಕೊಕ್ಕೆಗಳ ಕ್ರ್ಯಾಂಕ್‌ಗೆ: ಜಗ್ಗಲೇಬೇಡಿ. ರೀಲ್ ಸುತ್ತುತ್ತಲೇ ಕೋಲನ್ನು ಪಕ್ಕಕ್ಕೆ ಬಾಗಿಸಿ. ತೆಳುವಾದ ಮೊನೆಗಳು ತಾವೇ ನಾಟುತ್ತವೆ.

ಕಪ್ಪೆ ಲ್ಯೂರ್‌ಗೆ: ನೀರು ಸಿಡಿದ ಕ್ಷಣ ಕೈ ತಾನಾಗಿ ಎದ್ದುಬಿಡುತ್ತದೆ, ಅದೇ ದೋಷ. ಕೋಲನ್ನು ನೀರಿನ ಕಡೆ ಇಳಿಸಿ, ಭಾರ ಕೈಗೆ ತಿಳಿದ ಮೇಲೆ ಎತ್ತಿ. ಜೊಂಡಿನ ಮೇಲೆ ಇದಕ್ಕೆ 50ರಿಂದ 65 ಪೌಂಡ್ ಬ್ರೇಡ್ ಬೇಕು. ತಂಗೂಸಿಯ ಹಿಗ್ಗು ಇಲ್ಲಿ ಕೈಕೊಡುತ್ತದೆ.

ಸ್ಪಿನ್ನರ್‌ಬೈಟ್‌ನ ಸ್ಕರ್ಟಿಗೆ, ಅಂದರೆ ಕೊಕ್ಕೆಯ ಸುತ್ತ ಜೋತ ಎಳೆಗಳಿಗೆ, ಹಿಂದಿನಿಂದ ಕಚ್ಚಿ ಬಿಡುತ್ತಿದ್ದರೆ ಹಿಂಬದಿಗೆ ಇನ್ನೊಂದು ಕೊಕ್ಕೆ ಸೇರಿಸಿ. ಅದಕ್ಕೂ ಸಿಕ್ಕದಿದ್ದರೆ ಲ್ಯೂರಿನ ಗಾತ್ರ ಒಂದು ಅಳತೆ ಇಳಿಸಿ.

ಸಿಕ್ಕಿದ್ದು ಅರ್ಧ ದಾರಿಯಲ್ಲಿ ತಪ್ಪಿಸಿಕೊಳ್ಳುತ್ತದೆ

ಕ್ರ್ಯಾಂಕ್‌ನಿಂದ ತಪ್ಪುತ್ತಿದ್ದರೆ ಕೋಲು ಬಿಗಿ ಹೆಚ್ಚು. ಮೀನು ತಲೆ ಕೊಡವಿದಾಗ ಬಾಗದ ಕೋಲು ಸಣ್ಣ ಮೊನೆಗಳನ್ನು ಕಿತ್ತುಬಿಡುತ್ತದೆ. ನಡುವಿನಿಂದ ಬಾಗುವ ಮಾಡರೇಟ್ ಕೋಲು ಬೇಕು. ಜಿಗ್‌ನಿಂದ ತಪ್ಪುತ್ತಿದ್ದರೆ ಅದರ ತಿರುಗುಮುರುಗು: ಕೋಲು ಮೆದು, ಅಥವಾ ದಾರ ಸಡಿಲವಿದ್ದಾಗಲೇ ಜಗ್ಗಿದ್ದೀರಿ. ನೀರಿನಿಂದ ಮೇಲೆ ಹಾರಿ ಕೊಕ್ಕೆ ಉಗುಳುವ ಮೀನಿಗೆ ಕೋಲಿನ ತುದಿಯನ್ನು ನೀರಿನ ಮಟ್ಟಕ್ಕೆ ಇಳಿಸಿ ಪಕ್ಕಕ್ಕೆಳೆಯಿರಿ. ದಾರಕ್ಕೆ ಸಡಿಲ ಕೊಡಬೇಡಿ.

ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ರೀಲಿನ ತಡೆ, ಅಂದಾಜಿನಲ್ಲಿ ಇಡಬೇಡಿ. ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ಕೋಲನ್ನು ಮೀನು ಎಳೆದಂತೆ ಬಾಗಿಸಿ ಎಳೆಯಿರಿ. ದಾರದ ತಾಳಿಕೆಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದೊಳಗೆ ಡ್ರ್ಯಾಗ್ ಜಾರಬೇಕು. 12 ಪೌಂಡ್ ದಾರಕ್ಕೆ 3ರಿಂದ 4 ಪೌಂಡ್. ಜಾರುವಾಗ ತಡೆತಡೆದು ಬಂದರೆ ಡ್ರ್ಯಾಗಿನ ಬಿಲ್ಲೆಗಳು ಕೊಳೆಯಾಗಿವೆ. ದಾರ ಸುತ್ತಿದ ಉರುಳೆ, ಅಂದರೆ ಸ್ಪೂಲ್, ತಿರುಗದೆ ಬ್ರೇಡ್ ದಾರವೇ ಸ್ಪೂಲಿನ ಮೇಲೆ ಜಾರುತ್ತಿದ್ದರೆ ತಪ್ಪು ಡ್ರ್ಯಾಗಿನದಲ್ಲ: ಕೆಳಗೆ ಹತ್ತು ಹದಿನೈದು ಸುತ್ತು ತಂಗೂಸಿ ಸುತ್ತಿ ಅದರ ಮೇಲೆ ಬ್ರೇಡ್ ಕಟ್ಟಬೇಕಿತ್ತು.

ದಾರ ಕಡಿಯುತ್ತದೆ

ಕಡಿದ ತುದಿಯನ್ನು ಎಸೆಯಬೇಡಿ. ಕಾರಣ ಅದರಲ್ಲೇ ಇದೆ.

ತುದಿ ಹಂದಿಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ. ಗಂಟು ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಿ, ನಿಧಾನ ಎಳೆಯಿರಿ. ಒಣದಾರ ಉಜ್ಜಿ ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ, ಫ್ಲೋರೊಕಾರ್ಬನ್ ಎಂಬ ಬಗೆಯ ದಾರದಲ್ಲಂತೂ ಇದು ಎದ್ದು ಕಾಣುತ್ತದೆ. ಬ್ರೇಡ್‌ಗೆ ಪಾಲೋಮಾರ್ ಗಂಟು ನಂಬಿಕಸ್ಥ: ದಾರವನ್ನು ಮಡಿಸಿ ಕುಣಿಕೆಯನ್ನು ಕೊಕ್ಕೆಯ ಕಣ್ಣಿಗೆ ತೂರಿಸಿ, ಜೋಡಿ ದಾರದಿಂದ ಸಾದಾ ಗಂಟು ಸಡಿಲವಾಗಿ ಹಾಕಿ, ಕುಣಿಕೆಯೊಳಗೆ ಇಡೀ ಕೊಕ್ಕೆಯನ್ನು ದಾಟಿಸಿ, ಒದ್ದೆ ಮಾಡಿ ಬಿಗಿಯುವುದು.

ತುದಿಯ ಮೇಲಿನ ಒಂದೆರಡು ಅಡಿ ತರಿತರಿಯಾಗಿದ್ದರೆ ಕಲ್ಲಿಗೋ ಕೊರಡಿಗೋ ಉಜ್ಜಿದೆ. ಪ್ರತಿ ಮೀನಿನ ನಂತರ, ಪ್ರತಿ ಸಲ ಸಿಕ್ಕಿ ಬಿಡಿಸಿದ ನಂತರ ಕೊನೆಯ ಒಂದು ಮೀಟರನ್ನು ಬೆರಳುಗಳ ನಡುವೆ ಎಳೆದು ನೋಡಿ. ಒರಟು ತಾಕಿದರೆ ಕತ್ತರಿಸಿ ಹೊಸದಾಗಿ ಕಟ್ಟಿ. ಸೋಮಾರಿತನಕ್ಕೆ ಇಲ್ಲಿ ದಂಡ ಹೆಚ್ಚು, ಸಾಮಾನ್ಯವಾಗಿ ದಿನದ ದೊಡ್ಡ ಮೀನೇ.

ಮೀಟರುಗಟ್ಟಲೆ ಮೇಲೆ, ನಡುವಿನಲ್ಲಿ ಕಡಿದರೆ ಕೋಲಿನ ಉಂಗುರಗಳನ್ನು ನೋಡಿ. ಹತ್ತಿಯ ಉಂಡೆಯನ್ನು ಪ್ರತಿ ಉಂಗುರದೊಳಗೆ ತಿರುಗಿಸಿ. ಎಳೆ ಸಿಕ್ಕಿಕೊಂಡ ಉಂಗುರದ ಸೆರಾಮಿಕ್ ಬಿರುಕು ಬಿಟ್ಟಿದೆ. ಅದನ್ನು ಬದಲಿಸುವವರೆಗೆ ಯಾವ ಹೊಸ ದಾರವೂ ಉಳಿಯದು.

ರೀಲಿನ ಎರಡು ಮಾಮೂಲು ಕಾಟ

ಬೈಟ್‌ಕಾಸ್ಟಿಂಗ್ ರೀಲಿನಲ್ಲಿ, ಅಂದರೆ ಎಸೆದಾಗ ಸ್ಪೂಲೇ ತಿರುಗುವ ರೀಲಿನಲ್ಲಿ, ಗೂಡುಕಟ್ಟುವುದು. ಲ್ಯೂರ್ ಹೋಗುವ ವೇಗಕ್ಕಿಂತ ಸ್ಪೂಲ್ ತಿರುಗುವ ವೇಗ ಹೆಚ್ಚಾದಾಗ ದಾರ ಹೊರಹೋಗಲಾರದೆ ಒಳಗೇ ಗೋಜಲಾಗುತ್ತದೆ. ಕಲಿಯುವಾಗ 14 ಗ್ರಾಂ ತೂಕ ಕಟ್ಟಿ. ಹಿಡಿಕೆಯ ಪಕ್ಕದ ಗುಬ್ಬಿಯನ್ನು ಬಿಗಿ ಮಾಡಿ, ಗುಂಡಿ ಒತ್ತಿದಾಗ ತೂಕ ಮೆಲ್ಲಗೆ ಇಳಿದು, ನೆಲ ಮುಟ್ಟಿದೊಡನೆ ಸ್ಪೂಲ್ ನಿಲ್ಲುವಂತೆ ಹೊಂದಿಸಿ. ಬ್ರೇಕನ್ನು ಮುಕ್ಕಾಲು ಭಾಗಕ್ಕೆ ಇಟ್ಟು ಆರಂಭಿಸಿ, ಕೈ ಕುದುರಿದಂತೆ ಇಳಿಸಿ. ಎಸೆತದ ಆರಂಭದಲ್ಲೇ ಗೂಡು ಕಟ್ಟಿದರೆ ಕೈ ಝಾಡಿಸಿದ್ದೀರಿ ಅಥವಾ ಬ್ರೇಕ್ ಸಾಲದು. ಕೊನೆಯಲ್ಲಿ ಕಟ್ಟಿದರೆ, ಲ್ಯೂರ್ ನೀರು ಮುಟ್ಟುವ ಮುಂಚೆ ಹೆಬ್ಬೆರಳು ಸ್ಪೂಲನ್ನು ತಡೆಯಲಿಲ್ಲ. ಬಿಡಿಸುವಾಗ ಎಳೆದಾಡಬೇಡಿ: ಸ್ಪೂಲನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಹಿಡಿಕೆಯನ್ನು ಎರಡು ಮೂರು ಸುತ್ತು ತಿರುಗಿಸಿ, ಗುಂಡಿ ಒತ್ತಿ ದಾರ ಎಳೆಯಿರಿ. ಹೆಚ್ಚಿನವು ಇಷ್ಟಕ್ಕೇ ಬಿಡುತ್ತವೆ.

ಸ್ಪಿನ್ನಿಂಗ್ ರೀಲಿನಲ್ಲಿ, ಅಂದರೆ ಎಸೆದಾಗ ಸ್ಪೂಲ್ ತಿರುಗದ ರೀಲಿನಲ್ಲಿ, ದಾರ ಹುರಿಗೊಂಡು ಸುರುಳಿ ಸುರುಳಿಯಾಗಿ ಬೀಳುವುದು. ಸ್ಪೂಲಿನ ಅಂಚಿನಿಂದ 3 ಮಿಲಿಮೀಟರ್ ಕೆಳಗಿನವರೆಗೆ ಮಾತ್ರ ದಾರ ತುಂಬಿ. ದಾರವನ್ನು ಸ್ಪೂಲಿಗೆ ನಡೆಸುವ ಬೇಲ್ ತಂತಿಯನ್ನು ಹಿಡಿಕೆ ತಿರುಗಿಸಿ ಮುಚ್ಚದೆ ಕೈಯಿಂದ ಮುಚ್ಚಿ, ಮೊದಲ ಸುತ್ತಿಗೆ ಮುಂಚೆ ದಾರವನ್ನೊಮ್ಮೆ ಬಿಗಿಗೊಳಿಸಿ. ಮೀನು ಡ್ರ್ಯಾಗ್ ಎಳೆಯುತ್ತಿರುವಾಗ ಹಿಡಿಕೆ ತಿರುಗಿಸಬೇಡಿ, ಪ್ರತಿ ಸುತ್ತಿಗೂ ದಾರಕ್ಕೆ ಹಲವು ಹುರಿ. ಈಗಾಗಲೇ ಹುರಿಗೊಂಡಿದ್ದರೆ ಲ್ಯೂರ್ ಬಿಚ್ಚಿ, ಬರಿದಾರವನ್ನು ದೋಣಿಯ ಹಿಂದೆ ಅಥವಾ ಹರಿವ ನೀರಿನಲ್ಲಿ ಉದ್ದಕ್ಕೆ ಬಿಟ್ಟು ಕೆಲವು ನಿಮಿಷದ ನಂತರ ಸುತ್ತಿಕೊಳ್ಳಿ.

ಕೊಕ್ಕೆ ಗಂಟಲಿಗಿಳಿಯುತ್ತದೆ

ಪದೇ ಪದೇ ಹೀಗಾದರೆ ಜಗ್ಗುವುದು ತಡವಾಗುತ್ತಿದೆ, ಅಂದರೆ ದಾರದ ಮೇಲೆ ಕಣ್ಣಿಲ್ಲ. ಬಿಟ್ಟುಬಿಡುವ ಮೀನಾಗಿದ್ದರೆ, ಸುಲಭಕ್ಕೆ ಬಾರದ ಕೊಕ್ಕೆಯನ್ನು ಕೀಳಲು ಹೋಗದೆ ದಾರವನ್ನು ಆದಷ್ಟು ಹತ್ತಿರ ಕತ್ತರಿಸಿ. ಹಿಡಿಯುವ ಮುನ್ನ ಕೈ ಒದ್ದೆ ಮಾಡಿಕೊಳ್ಳಿ. ದೊಡ್ಡ ಮೀನನ್ನು ದವಡೆಯೊಂದರಿಂದಲೇ ಅಡ್ಡಕ್ಕೆ ಎತ್ತಬೇಡಿ, ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ. ಹಿಡಿದ ನೀರಿಗೇ ಬಿಡಿ. ಜೀವಂತ ಬಾಸನ್ನು ಬೇರೆ ಕೆರೆಗೆ ಒಯ್ಯುವುದು ಹಲವು ದೇಶಗಳಲ್ಲಿ ಅಪರಾಧ. ಅದು ಹೊಕ್ಕ ನೀರಿನಲ್ಲಿ ಸ್ಥಳೀಯ ಸಣ್ಣ ಮೀನು ಉಳಿಯುವುದು ಕಷ್ಟ.

ಎಲ್ಲ ಸರಿ, ಬರೀ ಮರಿಗಳೇ ಬೀಳುತ್ತವೆ

ಒಂದೇ ಗಾತ್ರದ ಬಾಸ್‌ಗಳು ಗುಂಪುಗೂಡುವುದುಂಟು. ದಡದಲ್ಲಿ ಅಂಗೈಯಷ್ಟುದ್ದದವೇ ಸಾಲಾಗಿ ಬಿದ್ದರೆ ಅದೇ ಜಾಗದ ಪಕ್ಕದ ಆಳದ ಅಂಚಿಗೆ ತಿರುಗಿ: ದಡ ಒಂದು ಮೀಟರ್ ಇದ್ದರೆ, ತಳ ಒಮ್ಮೆಲೇ ಎರಡು ಮೂರು ಮೀಟರಿಗೆ ಬೀಳುವ ಗೆರೆ. ಅಲ್ಲಿ ಮೊದಲು ಅದೇ ಲ್ಯೂರ್ ಹಾಕಿ ನೋಡಿ, ಆಮೇಲಷ್ಟೇ ದೊಡ್ಡದಕ್ಕೆ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ದೊಡ್ಡ ಮೀನು ಬಂದದ್ದು ಆಳದಿಂದಲೋ ಲ್ಯೂರಿನಿಂದಲೋ ಎಂಬುದು ಗೊತ್ತಾಗದು.